ರಾಜ್ಯದ ಎಲ್ಲ ಕೇಂದ್ರಗಳಿಂದ ಸಹಪ್ರಸಾರ

ಬಾನುಲಿ ಕೇಳುತ್ತ ಬೆಳೆದವರಿಗೆಲ್ಲ ಬಾಯಿಪಾಠವಾಗಿರುವ ಒಂದು ಮಾತಿದೆ: ಈ ಕಾರ್ಯಕ್ರಮವನ್ನು ರಾಜ್ಯದ ಎಲ್ಲ ಆಕಾಶವಾಣಿ ಕೇಂದ್ರಗಳು ಸಹಪ್ರಸಾರ ಮಾಡುತ್ತಿವೆ. ಉದ್ಘೋಷಕರು ಇದನ್ನು ಉಸಿರಾಡಿದಷ್ಟು ಸಲೀಸಾಗಿ ಹೇಳಿಬಿಡುತ್ತಾರೆ. ಕೇಳುವ ನಾವೂ ಅಷ್ಟೇ ಸಲೀಸಾಗಿ ಕಿವಿಯ ಆಚೆ ದಾಟಿಸುತ್ತೇವೆ. ಆದರೆ ಈ ಮಾತಿನ ಹಿಂದೆ ಎಂಥ ದೊಡ್ಡ ಏರ್ಪಾಡು ಇದೆಯೆಂದು ಒಮ್ಮೆ ಯೋಚಿಸಿ ನೋಡಿ. ಬೆಂಗಳೂರಿನ ಒಂದು ಕೋಣೆಯಲ್ಲಿ ಒಬ್ಬರು ಕೂತು ಮಾತನಾಡುತ್ತಾರೆ. ಅದೇ ಕ್ಷಣ ಧಾರವಾಡ, ಭದ್ರಾವತಿ, ಕಾರವಾರ, ಮಂಗಳೂರುಗಳ ಕೇಂದ್ರಗಳು ತಂತಮ್ಮ ಮಾತು ನಿಲ್ಲಿಸಿ, ಆ ಒಂದು ದನಿಗೆ ದಾರಿ ಬಿಡುತ್ತವೆ. ಅದು ವಾರ್ತೆಯಾಗಿರಬಹುದು, ಮುಖ್ಯಮಂತ್ರಿಗಳ ಸಂದೇಶವಿರಬಹುದು, ಶಾಲಾ ಮಕ್ಕಳಿಗೆ ಪಾಠವಿರಬಹುದು. ಹೇಳುವವರು ಒಬ್ಬರು, ಕೇಳುವವರು ಲಕ್ಷಾಂತರ ಮಂದಿ.

ಇದರಿಂದ ಲಾಭವೇನು, ನಷ್ಟವೇನು ಎಂಬುದು ಈ ವಾರದ ಪ್ರಶ್ನೆ. ಪ್ರಶ್ನೆ ಹಳೆಯದೆಂದು ಮೂಗು ಮುರಿಯಬೇಡಿ. ಘಟ್ಟದ ಮೇಲಿನ ನಮ್ಮಂಥವರಿಗೆ ಇದು ಪ್ರತಿ ಮಳೆಗಾಲದಲ್ಲೂ ಹೊಸದಾಗಿಯೇ ಎದುರಾಗುತ್ತದೆ.

ಗುಡ್ಡ ಹತ್ತುವ ಅಲೆ, ಗುಡ್ಡಕ್ಕೆ ಬಡಿಯುವ ಅಲೆ

ಮೊದಲು ಸ್ವಲ್ಪ ಭೌತವಿಜ್ಞಾನ. ಹೆದರಬೇಡಿ, ಪರೀಕ್ಷೆ ಇಲ್ಲ.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಎರಡು ಮೂರು ತಲೆಮಾರು ಕಿವಿಗೊಟ್ಟದ್ದು ಅದರ 765 ಕಿಲೋಹರ್ಟ್ಸ್ ಮೀಡಿಯಂ ವೇವ್ ಪ್ರಸಾರಕ್ಕೆ. ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಸಿಗುತ್ತದೆ: ಸುಮಾರು 392 ಮೀಟರ್. ಅಂದರೆ ಒಂದು ಅಲೆಯ ತಲೆಯಿಂದ ಮುಂದಿನ ಅಲೆಯ ತಲೆಗೆ ಹೆಚ್ಚು ಕಡಿಮೆ ಅರ್ಧ ಕಿಲೋಮೀಟರಿಗೆ ಹತ್ತಿರ. ಇಷ್ಟು ಉದ್ದನೆಯ ಅಲೆ ನೆಲವನ್ನು ಅಪ್ಪಿಕೊಂಡು ಸಾಗುತ್ತದೆ, ನಮ್ಮ ಸಣ್ಣಪುಟ್ಟ ಗುಡ್ಡಗಳನ್ನು ಬಳಸಿಕೊಂಡು ಆಚೆ ಇಳಿಯುತ್ತದೆ. ಹಾಗಾಗಿ ನೂರು ಕಿಲೋಮೀಟರಿಗೂ ದೂರದ ಧಾರವಾಡ, ಅಡಿಕೆ ತೋಟದ ಕಣಿವೆಯ ಮನೆಯ ಜಗುಲಿಯಲ್ಲಿ ಸ್ವಲ್ಪ ಗೊರಗೊರ ಎನ್ನುತ್ತಲೇ ಕೇಳಿಸುತ್ತಿತ್ತು.

ಕಾರವಾರ ಆಕಾಶವಾಣಿಯದು ಎಫ್.ಎಂ. ಪ್ರಸಾರ, 102.3 ಮೆಗಾಹರ್ಟ್ಸ್. ಇದರ ಅಲೆಯ ಉದ್ದ ಲೆಕ್ಕ ಹಾಕಿದರೆ ಮೂರು ಮೀಟರಿಗೂ ತುಸು ಕಡಿಮೆ. ದನಿ ಶುದ್ಧ, ಗೊರಗೊರ ಇಲ್ಲ. ಆದರೆ ಇದು ಬೆಳಕಿನಂತೆ ನೇರ ದಾರಿ ಹಿಡಿಯುವ ಅಲೆ. ಗುಡ್ಡ ಅಡ್ಡ ಬಂದರೆ ಗುಡ್ಡದ ಹಿಂದೆ ನೆರಳು ಬೀಳುತ್ತದೆ. ಬಿಸಿಲಿನ ನೆರಳಿನ ಹಾಗೆಯೇ ಇದು ಬಾನುಲಿಯ ನೆರಳು. ಗುಡ್ಡದ ನೆತ್ತಿಯ ಮನೆಯವರಿಗೆ ಸ್ಪಷ್ಟವಾಗಿ ಕೇಳಿದ್ದು, ಅದೇ ಗುಡ್ಡದ ಬುಡದ ಮನೆಯವರಿಗೆ ಬರೀ ಸುಯ್ ಎನ್ನುವ ಸದ್ದು.

ರಾತ್ರಿಯ ಲೆಕ್ಕ ಬೇರೆ. ಹಗಲಿನಲ್ಲಿ ಸೂರ್ಯನ ಪ್ರಖರತೆಗೆ ನೆಲದಿಂದ ಅರವತ್ತರಿಂದ ತೊಂಬತ್ತು ಕಿಲೋಮೀಟರ್ ಮೇಲೆ ವಿದ್ಯುದಾವೇಶದ ಒಂದು ಪದರ ಹುಟ್ಟುತ್ತದೆ. ಅದು ಮೇಲಕ್ಕೆ ಹೋದ ಮೀಡಿಯಂ ವೇವ್ ಅಲೆಗಳನ್ನು ನುಂಗಿಹಾಕುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅದರ ಮೇಲಿನ ಪದರ ಕನ್ನಡಿಯಂತೆ ಅಲೆಗಳನ್ನು ನೆಲಕ್ಕೆ ಹಿಂತಿರುಗಿಸುತ್ತದೆ. ಹಗಲೆಲ್ಲ ಸಿಗದ ದೂರದ ಕೇಂದ್ರಗಳು ರಾತ್ರಿ ಊಟದ ಹೊತ್ತಿಗೆ ಒಂದರ ಮೇಲೊಂದು ಹತ್ತಿ ಕೂರುವುದು ಇದೇ ಕಾರಣಕ್ಕೆ.

ಇದನ್ನೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಸಹಪ್ರಸಾರ ಎಂಬ ಏರ್ಪಾಡು ಹುಟ್ಟಿದ್ದೇ ಅಲೆಗಳ ಈ ಮಿತಿಯಿಂದ. ದಿಲ್ಲಿಯ ದನಿ ತಾನಾಗಿ ಶಿರಸಿಗೆ ಮುಟ್ಟುವುದಿಲ್ಲ. ಹತ್ತಿರದ ಕೇಂದ್ರವೊಂದು ಅದನ್ನು ಎತ್ತಿಕೊಂಡು ಮತ್ತೆ ಬಿತ್ತರಿಸಬೇಕು. ಹಾಗೆ ಎತ್ತಿಕೊಡುವ ಕೇಂದ್ರ ಬರೀ ತಂತಿಯ ಕಂಬವೋ, ಇಲ್ಲವೇ ತನಗೂ ಬಾಯಿ ಇರುವ ಕೇಂದ್ರವೋ ಎಂಬುದರ ಮೇಲೆ ಮುಂದಿನ ಮಾತೆಲ್ಲ ನಿಂತಿದೆ.

ನೂರಾ ನಲವತ್ತನಾಲ್ಕು ಕಂತಿನ ವಿಚಾರ

ಒಂದೇ ಕಾರ್ಯಕ್ರಮ ದೇಶದ ಉದ್ದಗಲಕ್ಕೂ ಕೇಳಿಸುವುದು ಕೆಟ್ಟದ್ದೆಂದು ನಾನು ಹೇಳಲಾರೆ. ವಿಜ್ಞಾನ ಕಲಿಸುವವನಿಗೆ ಹಾಗೆ ಹೇಳುವ ಬಾಯಿಯೇ ಇಲ್ಲ. 1991ರಲ್ಲಿ ಆಕಾಶವಾಣಿಯೂ ರಾಷ್ಟ್ರೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂವಹನ ಪರಿಷತ್ತೂ ಸೇರಿ ಮನುಷ್ಯನ ವಿಕಾಸದ ಕತೆಯನ್ನು ಧಾರಾವಾಹಿಯಾಗಿ ಹೊರತಂದವು. ಹಿಂದಿಯಲ್ಲಿ ಅದರ ಹೆಸರು ‘ಮಾನವ್ ಕಾ ವಿಕಾಸ್’. ಒಟ್ಟು 144 ಕಂತು, 18 ಭಾಷೆ. ಮಕ್ಕಳೂ ಶಾಲೆಗಳೂ ಮೊದಲೇ ಹೆಸರು ನೋಂದಾಯಿಸಿಕೊಂಡು ವಾರ ವಾರವೂ ಕೇಳುವ ವ್ಯವಸ್ಥೆ ಮಾಡಿದ್ದರು.

ಯೋಚಿಸಿ ನೋಡಿ. ಜೀವ ಹೇಗೆ ಹುಟ್ಟಿತು, ಮೀನಿನ ರೆಕ್ಕೆ ಹೇಗೆ ಕಾಲಾಯಿತು, ನಾಲ್ಕು ಕಾಲಿನಲ್ಲಿ ನಡೆಯುತ್ತಿದ್ದ ಪ್ರಾಣಿ ಎದ್ದು ನಿಂತದ್ದು ಏಕೆ, ಬೆಂಕಿ ಹೊತ್ತಿಸಿದವರು ಯಾರು ಎಂಬಂಥ ವಿಷಯಗಳನ್ನು ಒಬ್ಬ ಹಳ್ಳಿಯ ಮಾಸ್ತರು ಪಾಠದ ಪುಸ್ತಕದಾಚೆಗೆ ಎಷ್ಟು ಹೇಳಬಲ್ಲ? ಅವನ ಬಳಿ ಪಳೆಯುಳಿಕೆ ಇಲ್ಲ, ಚಿತ್ರಪಟವಿಲ್ಲ, ಓದಲು ಹೊಸ ಪುಸ್ತಕವೂ ಇಲ್ಲ. ದೊಡ್ಡ ವಿಜ್ಞಾನಿಗಳು ಕೂತು ಸಿದ್ಧಪಡಿಸಿದ್ದನ್ನು ನಾಟಕದ ರೂಪದಲ್ಲಿ ಕೇಳಿಸಿದರೆ ಅವನ ಅರ್ಧ ಕೆಲಸ ಆದಂತೆಯೇ. ಸಂವಿಧಾನಕ್ಕೆ 1976ರಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದೂ ಒಂದು. ಅದನ್ನು ಬಾನುಲಿ ಕೈಗೆತ್ತಿಕೊಂಡ ಕೆಲವೇ ಸಂದರ್ಭಗಳಲ್ಲಿ ಇದೊಂದು. ‘ಪ್ರಗತಿಪರ ಸಹಪ್ರಸಾರ’ ಎಂದು ಯಾವುದನ್ನಾದರೂ ಕರೆಯುವುದಿದ್ದರೆ ಇದನ್ನೇ ಕರೆಯಬೇಕು.

ಆದರೆ ದೂರದಿಂದ ಬರುವ ಪಾಠಕ್ಕೆ ಒಂದು ದೌರ್ಬಲ್ಯ ಉಂಟು. ಅದಕ್ಕೆ ಕಿಟಕಿಯ ಹೊರಗೆ ಏನಿದೆಯೆಂದು ಕಾಣುವುದಿಲ್ಲ. ಒಮ್ಮೆ ಜುಲೈ ತಿಂಗಳಲ್ಲಿ ನಮ್ಮ ತರಗತಿಯಲ್ಲಿ ಬಾನುಲಿ ಪಾಠ ಹಚ್ಚಿದ್ದೆವು. ಪಾಠ ಬಹಳ ಚೆನ್ನಾಗಿಯೇ ಇತ್ತು. ನಡುವೆ ಒಂದು ಇಂಪಾದ ಹೆಣ್ಣು ದನಿ, ಮಕ್ಕಳೇ, ಈಗ ಎಲ್ಲರೂ ಅಂಗಳಕ್ಕೆ ಹೋಗಿ, ನಿಮ್ಮ ನೆರಳು ಯಾವ ಕಡೆಗೆ ಬಿದ್ದಿದೆ ನೋಡಿ ಬನ್ನಿ ಎಂದಿತು. ಹೊರಗೆ ಆಷಾಢದ ಮಳೆ ಹಂಚು ಒಡೆಯುವಂತೆ ಸುರಿಯುತ್ತಿತ್ತು. ಸೂರ್ಯನ ಮುಖ ಕಾಣದೆ ಹನ್ನೊಂದು ದಿನವಾಗಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸರ್, ನೆರಳು ಕಾಣ್ಲಿಲ್ಲೆ ಹೇಳಿ ಅವ್ರಿಗೆ ಹೇಳೂದು ಹ್ಯಾಂಗೆ?’ ಎಂದ. ತರಗತಿಯೆಲ್ಲ ನಕ್ಕಿತು. ರೇಡಿಯೋ ಪೆಟ್ಟಿಗೆ ಮಾತ್ರ ನಗಲಿಲ್ಲ. ಅರ್ಧ ನಿಮಿಷ ಸಂಗೀತ ಬಾರಿಸಿ, ಶಾಭಾಸ್ ಮಕ್ಕಳೇ, ಸರಿಯಾಗಿ ಹೇಳಿದಿರಿ ಎಂದು ಮುಂದಕ್ಕೆ ಹೋಯಿತು.

ಆ ಹುಡುಗ ಕೇಳಿದ್ದು ತಮಾಷೆಯ ಪ್ರಶ್ನೆಯಲ್ಲ. ಸಹಪ್ರಸಾರದ ಬಗೆಗೆ ಕೇಳಬಹುದಾದ ಮುಖ್ಯ ಪ್ರಶ್ನೆಯೇ ಅದು. ನಮ್ಮಲ್ಲಿ ಹಾಗಿಲ್ಲ ಎಂದು ಅವರಿಗೆ ಹೇಳುವುದು ಹೇಗೆ?

ಅಮೆರಿಕದ ಮಾತಿನ ರೇಡಿಯೋ

ಈ ಪ್ರಶ್ನೆಯನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಅಮೆರಿಕ ಒಳ್ಳೆಯ ಪಾಠ. ಅಲ್ಲಿ ರೇಡಿಯೋ ಮೊದಲಿನಿಂದಲೂ ಖಾಸಗಿಯವರ ಕೈಯಲ್ಲಿದೆ. ಸಣ್ಣ ಸಣ್ಣ ಪಟ್ಟಣಕ್ಕೂ ತನ್ನದೇ ನಿಲಯ. ವಿವಾದದ ವಿಷಯ ಬಂದರೆ ಎರಡೂ ಕಡೆಯ ಮಾತಿಗೆ ಅವಕಾಶ ಕೊಡಬೇಕೆಂಬ ನಿಯಮ ಅಲ್ಲಿ 1949ರಿಂದ ಇತ್ತು. 1987ರಲ್ಲಿ ಅದನ್ನು ಕೈಬಿಟ್ಟರು. ಮರುವರ್ಷವೇ, 1988ರ ಆಗಸ್ಟ್‌ನಲ್ಲಿ, ರಶ್ ಲಿಂಬಾ ಎಂಬ ಬಲಪಂಥೀಯ ಮಾತುಗಾರನ ಕಾರ್ಯಕ್ರಮ ನ್ಯೂಯಾರ್ಕಿನಿಂದ ದೇಶಕ್ಕೆಲ್ಲ ಹರಡತೊಡಗಿತು. ಮುಂದೆ 600ಕ್ಕೂ ಹೆಚ್ಚು ನಿಲಯಗಳು ಅದನ್ನು ಎತ್ತಿಕೊಂಡವು.

ಅವು ಎತ್ತಿಕೊಂಡದ್ದೇಕೆ? ಬರೀ ಅಭಿಮಾನದಿಂದಲ್ಲ. ಇದರಲ್ಲಿ ವ್ಯಾಪಾರದ ಒಂದು ಜಾಣತನ ಇತ್ತು. ಕಾರ್ಯಕ್ರಮ ಪುಕ್ಕಟೆ, ಬದಲಿಗೆ ಜಾಹೀರಾತಿನ ಇಷ್ಟು ನಿಮಿಷ ನಮಗೆ ಬಿಡಿ ಎಂಬ ಒಪ್ಪಂದ. ಊರಿನ ನಿಲಯದ ಯಜಮಾನ ಲೆಕ್ಕ ಹಾಕಿದ. ಊರಿನವನೊಬ್ಬನನ್ನು ಸಂಬಳ ಕೊಟ್ಟು ಮೂರು ತಾಸು ಮಾತಾಡಿಸುವುದಕ್ಕಿಂತ ಪುಕ್ಕಟೆಯಾಗಿ ಬರುವ ಹೆಸರುವಾಸಿ ಮಾತುಗಾರ ಲೇಸಲ್ಲವೇ? ಹೀಗೆ ಊರಿನ ಮಾತುಗಾರರು ಒಬ್ಬೊಬ್ಬರಾಗಿ ಮನೆಗೆ ಹೋದರು. 1996ರ ದೂರಸಂಪರ್ಕ ಕಾಯಿದೆ ಬಂದ ಮೇಲಂತೂ ಒಬ್ಬ ಮಾಲೀಕ ದೇಶದಲ್ಲಿ ಎಷ್ಟು ನಿಲಯ ಬೇಕಾದರೂ ಇಟ್ಟುಕೊಳ್ಳಬಹುದೆಂದಾಯಿತು. ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಗೆ 1200ರಷ್ಟು ನಿಲಯಗಳು ಸೇರಿದವು.

ಪ್ರಗತಿಪರರು ಸುಮ್ಮನೆ ಕೂರಲಿಲ್ಲ. ಅವರ ಕೈ ನಾವೂ ತೋರಿಸೋಣ ಎಂದು 2004ರ ಮಾರ್ಚ್ 31ರಂದು ‘ಏರ್ ಅಮೆರಿಕ’ ಎಂಬ ಜಾಲ ಶುರುಮಾಡಿದರು. ಅದೂ ನ್ಯೂಯಾರ್ಕಿನ ಕೋಣೆಯಿಂದಲೇ. ಹೆಸರುವಾಸಿ ಹಾಸ್ಯಗಾರರು, ಬರಹಗಾರರು ಸೇರಿದರು. ಆದರೆ ತನ್ನದೇ ನಿಲಯಗಳಿಲ್ಲ. ಊರೂರಿನಲ್ಲಿ ಬಾಡಿಗೆಗೆ, ಒಪ್ಪಂದಕ್ಕೆ ನಿಲಯ ಹಿಡಿಯಬೇಕು. ಎರಡೇ ವಾರಕ್ಕೆ ಹಣದ ತಕರಾರಿನಲ್ಲಿ ಷಿಕಾಗೊ, ಲಾಸ್ ಏಂಜಲಿಸ್‌ಗಳಂಥ ದೊಡ್ಡ ನಗರಗಳಲ್ಲೇ ದನಿ ನಿಂತುಹೋಯಿತು. 2006ರಲ್ಲಿ ದಿವಾಳಿ ಅರ್ಜಿ, ಕೈಬದಲು, ಮತ್ತೆ ಕೈಬದಲು. 2010ರ ಜನವರಿಯಲ್ಲಿ ಅಂಗಡಿ ಮುಚ್ಚಿತು.

ಸೋಲಿಗೆ ಕಾರಣ ಹಲವು. ಹಣದ ಆಡಳಿತ ಸರಿಯಿರಲಿಲ್ಲ ಎನ್ನುವವರಿದ್ದಾರೆ, ಜಾಹೀರಾತುದಾರರು ಹತ್ತಿರ ಬರಲಿಲ್ಲ ಎನ್ನುವವರಿದ್ದಾರೆ. ನನಗೆ ಕಾಣುವುದು ಇಷ್ಟು. ಅವರ ವಿಚಾರ ಬೇರೆಯಾಗಿತ್ತು, ಆದರೆ ಏರ್ಪಾಡು ಅದೇ ಆಗಿತ್ತು. ದೊಡ್ಡ ನಗರದಲ್ಲಿ ಕೂತು ಹೇಳುವುದು, ಸಣ್ಣ ಊರಿನ ನಿಲಯ ಅದನ್ನು ದಾಟಿಸುವುದು. ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಆ ದೇಶದಲ್ಲೇ ಇದೆ. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ಎಂಬ ಊರಿನಲ್ಲಿ 1949ರಲ್ಲಿ ಹುಟ್ಟಿದ ಕೆ.ಪಿ.ಎಫ್.ಎ. ನಿಲಯ. ಜಾಹೀರಾತು ಇಲ್ಲದೆ ಕೇಳುಗರೇ ಚಂದಾ ಹಾಕಿ ಅದನ್ನು ಸಾಕಿದರು. ಜಗಳ, ಸಾಲ, ಗುಂಪುಗಾರಿಕೆ ಎಲ್ಲ ಅಲ್ಲೂ ಆಗಿದೆ. ಆದರೂ ಅದು ಮುಕ್ಕಾಲು ಶತಮಾನ ದಾಟಿ ಉಳಿದಿದೆ. ಆ ನಿಲಯದ ಬಳಗದಲ್ಲೇ 1996ರಲ್ಲಿ ಹುಟ್ಟಿದ ‘ಡೆಮಾಕ್ರಸಿ ನೌ’ ಎಂಬ ದಿನನಿತ್ಯದ ಸುದ್ದಿ ಕಾರ್ಯಕ್ರಮವೂ ಬಾಳಿಕೊಂಡು ಬಂದಿದೆ. ದೇಶಕ್ಕೆಲ್ಲ ಹರಡುವ ಕಾರ್ಯಕ್ರಮಕ್ಕೂ ಬೇರು ಬಿಡಲು ಒಂದು ಊರಿನ ನೆಲ ಬೇಕಾಗುತ್ತದೆ.

ಊರಿನ ನಿಲಯ ಖಾಲಿಯಾದರೆ ಏನಾಗುತ್ತದೆ ಎಂಬುದಕ್ಕೆ ಅಲ್ಲಿಯವರು ಮತ್ತೆ ಮತ್ತೆ ಹೇಳುವ ಒಂದು ಘಟನೆಯಿದೆ. ನಾರ್ತ್ ಡಕೋಟ ರಾಜ್ಯದ ಮೈನಾಟ್ ಪಟ್ಟಣ. 2002ರ ಜನವರಿ 18ರ ನಟ್ಟಿರುಳು ಗೂಡ್ಸ್ ರೈಲೊಂದು ಹಳಿ ತಪ್ಪಿ ಅಮೋನಿಯ ಅನಿಲ ಮೋಡದಂತೆ ಊರಿನ ಮೇಲೆ ಹರಡಿತು. ಒಬ್ಬರು ಸತ್ತರು, ನೂರಾರು ಮಂದಿ ಕಣ್ಣು, ಶ್ವಾಸಕೋಶದ ತೊಂದರೆಯಿಂದ ಆಸ್ಪತ್ರೆ ಸೇರಿದರು. ಮನೆಯಿಂದ ಹೊರಬರಬೇಡಿ ಎಂದು ಜನರಿಗೆ ಹೇಳಲು ಪೊಲೀಸರು ರೇಡಿಯೋ ನಿಲಯಕ್ಕೆ ಫೋನು ಮಾಡಿದರೆ ಎತ್ತುವವರಿಲ್ಲ. ಆ ಊರಿನ ಆರು ವಾಣಿಜ್ಯ ನಿಲಯಗಳೂ ಒಂದೇ ಕಂಪನಿಯವು. ಎಚ್ಚರಿಕೆ ಸಾರುವ ಸ್ವಯಂಚಾಲಿತ ಯಂತ್ರವನ್ನು ಪೊಲೀಸರು ಸರಿಯಾಗಿ ಬಳಸಲಿಲ್ಲ, ತಪ್ಪು ನಮ್ಮದಲ್ಲ ಎಂದು ಕಂಪನಿ ವಾದಿಸಿತು. ವಾದದಲ್ಲಿ ಗೆದ್ದವರು ಯಾರೇ ಇರಲಿ, ಆ ರಾತ್ರಿ ಊರಿನ ಜನಕ್ಕೆ ಬೇಕಾಗಿದ್ದ ದನಿ ಊರಿನಲ್ಲಿ ಇರಲಿಲ್ಲ.

ನಮ್ಮಲ್ಲಿ ಶುರುವಾದದ್ದೇ ಊರಿನಿಂದ

ಕನ್ನಡ ನಾಡಿನಲ್ಲಿ ಬಾನುಲಿ ಹುಟ್ಟಿದ ಬಗೆ ಎಷ್ಟು ಸೊಗಸಾದದ್ದು ನೋಡಿ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜಾ ಕಾಲೇಜಿನ ಮನೋವಿಜ್ಞಾನದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಪ್ರಸಾರ ಆರಂಭಿಸಿದರು. ಪ್ರಸಾರಕದ ಬಲ ಕೇವಲ ಮೂವತ್ತು ವ್ಯಾಟ್, ನಮ್ಮ ಮನೆಯ ಒಂದು ಹಳೆಯ ಬಲ್ಬಿಗಿಂತಲೂ ಕಡಿಮೆ. ಇಂದು ದೇಶಕ್ಕೆಲ್ಲ ಹೆಸರಾಗಿರುವ ‘ಆಕಾಶವಾಣಿ’ ಎಂಬ ಪದ ಅಲ್ಲಿ ಬಳಕೆಗೆ ಬಂದದ್ದು. ಒಬ್ಬ ಮಾಸ್ತರರು ತಮ್ಮ ಊರಿಗಾಗಿ ಮನೆಯಲ್ಲಿ ನಡೆಸಿದ ನಿಲಯ ಅದು. ಮುಂದೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು, 1955ರ ನವೆಂಬರಿನಲ್ಲಿ ನಿಲಯ ಬೆಂಗಳೂರಿಗೆ ಹೋಯಿತು.

ಸ್ವಾತಂತ್ರ್ಯ ಬಂದ ಮೇಲೆ ಇಂಥ ಮಾಸ್ತರರಿಗೆ ಬಾಗಿಲು ಮುಚ್ಚಿತು. 1885ರ ತಂತಿ ಕಾಯಿದೆಯ ಬಲದಲ್ಲಿ ಆಕಾಶವೆಲ್ಲ ಸರ್ಕಾರದ್ದು. ಹತ್ತಾರು ವರ್ಷಗಳ ಬಳಿಕ, 1995ರ ಫೆಬ್ರುವರಿಯಲ್ಲಿ, ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು, ಅಲೆಗಳು ಸಾರ್ವಜನಿಕ ಆಸ್ತಿ, ಅವು ಸರ್ಕಾರದ ಸ್ವತ್ತೂ ಅಲ್ಲ, ಹಣವಂತರ ಸ್ವತ್ತೂ ಅಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತು. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ ಶುರುವಾಯಿತು. ಹಾಡು, ಹರಟೆ, ಜಾಹೀರಾತು ಎಲ್ಲಕ್ಕೂ ಅನುಮತಿ ಸಿಕ್ಕಿತು, ಸುದ್ದಿಗೆ ಮಾತ್ರ ಇಲ್ಲ. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ದಾಟಿಸುವುದಾದರೆ ಸರಿ ಎಂದು ಆಮೇಲೆ ಸಡಿಲಿಸಿದರು. ಖಾಸಗಿ ಎಫ್.ಎಂ.ನವರಿಗೆ ತಾಸಿಗೆ ಹತ್ತು ನಿಮಿಷ ಸುದ್ದಿ ಹೇಳಲು ಬಿಡಬಹುದೆಂದು 2023ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಶಿಫಾರಸು ಮಾಡಿತು. ಪತ್ರಿಕೆ ಬರೆಯಬಹುದು, ಟಿ.ವಿ. ಇಪ್ಪತ್ತನಾಲ್ಕು ತಾಸು ಕಿರುಚಬಹುದು, ಬಡವರ ಪೆಟ್ಟಿಗೆಯಾದ ರೇಡಿಯೋ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು ಎಂಬ ತರ್ಕ ನನ್ನಂಥವನಿಗೆ ಅರ್ಥವಾಗುವುದು ಕಷ್ಟ.

ಸಮುದಾಯ ಬಾನುಲಿಯ ಕತೆಯೂ ಇದೇ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯ ಹೆಂಗಸರೂ ಹುಡುಗರೂ ಸೇರಿ ‘ನಮ್ಮ ಧ್ವನಿ’ ಕಟ್ಟಿದಾಗ ಅಂಥವರಿಗೆ ಅಲೆಯ ಪರವಾನಗಿ ಕೊಡುವ ಪದ್ಧತಿಯೇ ಇರಲಿಲ್ಲ. ಅವರು ಟಿ.ವಿ. ಕೇಬಲ್ಲಿನಲ್ಲಿ ದನಿ ಹರಿಸಿ ಮನೆಮನೆಗೆ ಮುಟ್ಟಿಸಿದರು. ಅಲೆಯಿಲ್ಲದ ರೇಡಿಯೋ! ಹಟ ಎಂದರೆ ಇದು. ಶಿಕ್ಷಣ ಸಂಸ್ಥೆಗಳಿಗೆ 2002ರಲ್ಲಿ, ಸಂಘಸಂಸ್ಥೆಗಳಿಗೆ 2006ರಲ್ಲಿ ಬಾಗಿಲು ತೆರೆಯಿತು. ಈಗ ದೇಶದಲ್ಲಿ ಐನೂರರ ಆಸುಪಾಸು ಸಮುದಾಯ ನಿಲಯಗಳಿವೆ. ಆದರೆ ಬಲ ನೂರು ವ್ಯಾಟ್, ಮುಟ್ಟುವ ದೂರ ಬಯಲಿನಲ್ಲಿ ಹತ್ತು ಕಿಲೋಮೀಟರಿನ ಒಳಗೆ. ಮಲೆನಾಡಿನಲ್ಲಿ ಒಂದು ಗುಡ್ಡ ದಾಟಿದರೆ ದೊಡ್ಡದು. ಸ್ವಂತ ಸುದ್ದಿ ಹೇಳುವಂತಿಲ್ಲ ಎಂಬ ಕಟ್ಟು ಇವಕ್ಕೂ ಹಾಕಿದ್ದಾರೆ.

ಹೀಗಾಗಿ ನಮ್ಮ ಮೂರು ತಾಲೂಕುಗಳಿಗೆ ಊರಿನ ದನಿ ಎಂದರೆ ಉಳಿಯುವುದು ಆಕಾಶವಾಣಿಯ ಹತ್ತಿರದ ಕೇಂದ್ರಗಳೇ. ಅವು ಬಾಯಿ ಕಳೆದುಕೊಂಡರೆ ನಮಗೆ ಬೇರೆ ಗತಿ ಇಲ್ಲ.

ಹೊಳವು ಯಾವಾಗ?

ಊರಿನ ದನಿಯಿಂದ ಏನು ಉಪಯೋಗ ಎಂದು ಕೇಳುವವರಿಗೆ ಅಡಿಕೆ ತೋಟವನ್ನು ತೋರಿಸಬೇಕು. ಮಳೆಗಾಲದಲ್ಲಿ ಕೊಳೆರೋಗದ್ದು ದೊಡ್ಡ ಭಯ. ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ಮದ್ದನ್ನು ಮಳೆ ಹಿಡಿಯುವ ಮುನ್ನ ಒಮ್ಮೆ ಹೊಡೆಯಬೇಕು, ಮತ್ತೆ ಸುಮಾರು ನಲವತ್ತು ದಿನಕ್ಕೆ ಇನ್ನೊಮ್ಮೆ. ಎರಡನೆಯ ಸಲ ಹೊಡೆಯಲು ಮಳೆ ಹೊಳವಾಗಬೇಕು. ಕೊನೆಗೌಡ ಮರ ಹತ್ತಲು ಮರ ಒಣಗಬೇಕು, ಹೊಡೆದ ಮದ್ದು ಗೊನೆಗೆ ಅಂಟಲು ಕೆಲವು ತಾಸು ಬಿಡುವು ಬೇಕು. ರಾಜ್ಯದ ಕರಾವಳಿ ಹಾಗೂ ಮಲೆನಾಡಿನಲ್ಲಿ ವ್ಯಾಪಕ ಮಳೆ ಎಂಬ ಸಹಪ್ರಸಾರದ ವಾರ್ತೆ ಕೇಳಿ ನಮ್ಮೂರಿನ ಹಿರಿಯ ಕೃಷಿಕರೊಬ್ಬರು ನನ್ನ ಕಡೆ ತಿರುಗಿ ಹೇಳಿದ್ದು: ‘ಮಾಸ್ತರ್ರೇ, ಮಳೆ ಬತ್ತಾ ಇದ್ದು ಹೇಳಿ ನಂಗಕ್ಕೆ ರೇಡಿಯೋ ಹೇಳವಾ? ಮಾಡಿನ ಮೇಲೆ ಕೇಳ್ತಾ ಇದ್ದಲಿ. ಹೊಳವು ಯಾವಾಗ ಹೇಳಿ ಒಬ್ಬವ ಹೇಳ್ತ್ನಿಲ್ಲೆ.’

ಇದಕ್ಕೆ ಉತ್ತರ ಕೊಡಬಲ್ಲವನು ಈ ಕಡೆಯ ತೋಟ ನೋಡಿದವನೇ. ಕೃಷಿ ವಿಜ್ಞಾನಿಯೊಬ್ಬರನ್ನು ಕೂರಿಸಿಕೊಂಡು, ಫೋನಿನಲ್ಲಿ ರೈತರಿಂದಲೇ ಪ್ರಶ್ನೆ ಕೇಳಿಸಿ, ಶಿರಸಿಯಲ್ಲಿ ಹೇಗೆ, ಯಲ್ಲಾಪುರದಲ್ಲಿ ಹೇಗೆ, ಘಟ್ಟದ ಕೆಳಗೆ ಹೇಗೆ ಎಂದು ಬಿಡಿಸಿ ಹೇಳುವ ಕಾರ್ಯಕ್ರಮ ಬೆಂಗಳೂರಿನಲ್ಲಿ ಹುಟ್ಟಲಾರದು. ತಾಳಮದ್ದಳೆಯ ಅರ್ಥಗಾರಿಕೆ, ಅಡಿಕೆ ಧಾರಣೆ, ಸುಗ್ಗಿ ಹಾಡು, ಹಾಲಕ್ಕಿಗಳ, ಸಿದ್ದಿಗಳ ಬದುಕಿನ ಮಾತು ಇವೂ ಅಷ್ಟೇ.

ಇದು ಬರೀ ತೋಟದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಎಲ್ಲ ಕೊಚ್ಚಿಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿದ್ದು ಜನ ಸತ್ತರು. ಇಂಥ ಮಳೆಯಲ್ಲಿ ಮೊದಲು ಹೋಗುವುದು ವಿದ್ಯುತ್ತು. ಅದರ ಹಿಂದೆಯೇ ಮೊಬೈಲ್ ಗೋಪುರದ ಬ್ಯಾಟರಿ ಮುಗಿದು, ಕೈಯಲ್ಲಿರುವ ಸಾವಿರಾರು ರೂಪಾಯಿಯ ಫೋನು ಬರೀ ಗಾಜಿನ ಬಿಲ್ಲೆಯಾಗುತ್ತದೆ. ಆಗ ಎರಡು ಸೆಲ್ಲಿನ ರೇಡಿಯೋ ಮಾತ್ರ ಮಾತಾಡಬಲ್ಲದು. ಫೋನಿನಲ್ಲಿ ಎಫ್.ಎಂ. ಗ್ರಾಹಕವನ್ನು ಮುಚ್ಚಿಡಬೇಡಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹೆ ಕೊಟ್ಟದ್ದು ಇದಕ್ಕಾಗಿಯೇ. ಅಂಥ ಫೋನಿದ್ದರೆ ಇಯರ್‌ಫೋನಿನ ತಂತಿ ಚುಚ್ಚಿಕೊಳ್ಳಿ, ಆ ತಂತಿಯೇ ಆಂಟೆನಾ. ಮೂರು ಮೀಟರ್ ಅಲೆಯ ಕಾಲುಭಾಗ ಎಂದರೆ ಮುಕ್ಕಾಲು ಮೀಟರ್, ನಿಮ್ಮ ತಂತಿಯ ಉದ್ದ ಹೆಚ್ಚು ಕಡಿಮೆ ಅದಕ್ಕೆ ಹೊಂದುತ್ತದೆ.

ಆದರೆ ಆ ಹೊತ್ತಿಗೆ ನಿಲಯದಲ್ಲಿ ಯಾರಿರಬೇಕು? ದೂರದ ನಗರದಿಂದ ದಾಖಲಾದ ಹಾಡಿನ ಕಾರ್ಯಕ್ರಮ ತಾನೇ ತಾನಾಗಿ ಓಡುತ್ತಿದ್ದರೆ ನಮ್ಮ ಕಾರವಾರವೂ ಮೈನಾಟ್ ಆಗಲು ತಡವಿಲ್ಲ. ಯಾವ ಘಟ್ಟ ಬಂದ್ ಆಗಿದೆ, ಯಾವ ಶಾಲೆಗೆ ರಜೆ, ಯಾವ ಹೊಳೆಯ ಸೇತುವೆ ಮುಳುಗಿದೆ ಎಂದು ಹೇಳಲು ಆ ಹೊಳೆಯ ಹೆಸರನ್ನು ಸರಿಯಾಗಿ ಉಚ್ಚರಿಸಬಲ್ಲವರೊಬ್ಬರು ಎಚ್ಚರವಿರಬೇಕು.

ಏನು ಕೇಳಬೇಕು?

ಇಂದು ಎಲ್ಲಕ್ಕಿಂತ ದೊಡ್ಡ ಸಹಪ್ರಸಾರ ಎಂದರೆ 2014ರ ಅಕ್ಟೋಬರ್ 3ರಂದು ಆರಂಭವಾದ ಪ್ರಧಾನಿಯವರ ‘ಮನ್ ಕಿ ಬಾತ್’. ಅದನ್ನು ಮೆಚ್ಚುವವರೂ ಮೆಚ್ಚದವರೂ ನಮ್ಮ ನಡುವೆ ಇದ್ದಾರೆ. ನಾಳೆ ಬೇರೆ ಪಕ್ಷದವರು ಬಂದು ಬೇರೆ ಹೆಸರಿನಲ್ಲಿ ಮಾತಾಡಿದರೂ ನನ್ನ ತಕರಾರು ಇಷ್ಟೇ ಇರುತ್ತದೆ. ದೊಡ್ಡವರು ಅರ್ಧ ತಾಸು ಮಾತಾಡಲಿ. ಅದು ಮುಗಿದ ಮೇಲೆ ಅದೇ ವಿಷಯದ ಮೇಲೆ ಕಾಲು ತಾಸು ನಮ್ಮ ಕೇಂದ್ರ ನಮ್ಮವರ ಮಾತು ಕೇಳಿಸಲಿ. ನೀರಿಂಗಿಸುವ ಬಗ್ಗೆ ಅವರು ಹೇಳಿದರೆ, ನೂರು ಇಂಚು ಮಳೆ ಬಿದ್ದೂ ಏಪ್ರಿಲ್‌ನಲ್ಲಿ ಬಾವಿ ಒಣಗುವುದೇಕೆ ಎಂದು ಇಲ್ಲಿಯ ಹೆಣ್ಣುಮಗಳೊಬ್ಬಳು ಕೇಳಲಿ. ಪ್ರಗತಿಪರ ವಿಚಾರ ಹೇಳುವ ಕಾರ್ಯಕ್ರಮಕ್ಕೂ ಇದೇ ನಿಯಮ ಅನ್ವಯವಾಗಲಿ. ಮೂಢನಂಬಿಕೆ ಬಿಡಿ ಎಂದು ಬೆಂಗಳೂರಿನಿಂದ ಯಾರೋ ಹೇಳಿದರೆ ಊರಿನ ಅಜ್ಜಿ ರೇಡಿಯೋ ಕಿವಿ ಹಿಂಡಿ ಆರಿಸುತ್ತಾಳೆ. ಗ್ರಹಣದ ದಿನ ತಾನು ಕಲಿಸಿದ ಮಕ್ಕಳ ಜೊತೆ ಊಟ ಮಾಡಿದ ಊರಿನ ಅಕ್ಕೋರು ಹೇಳಿದರೆ ಜಗಳವಾಡಲಿಕ್ಕಾದರೂ ಕೇಳುತ್ತಾಳೆ. ವಿಚಾರ ಬೆಳೆಯುವುದು ಆ ಜಗಳದಲ್ಲಿ.

ಖರ್ಚಿನ ಲೆಕ್ಕ ಮುಂದಿಟ್ಟುಕೊಂಡು ದೇಶದ ಹಲವೆಡೆ ಮೀಡಿಯಂ ವೇವ್ ಪ್ರಸಾರಕಗಳನ್ನು ಮುಚ್ಚಿದ್ದಾರೆ. ಹಳೆಯ ಯಂತ್ರ, ವಿದ್ಯುತ್ ಬಿಲ್ಲು ಬಹಳ ಎಂಬುದು ನಿಜವೇ. ಆದರೆ ಗುಡ್ಡ ಬಳಸಿ ಬರಬಲ್ಲ ಅಲೆ ಅದೊಂದೇ ಎಂಬುದೂ ಅಷ್ಟೇ ನಿಜ. ಅದನ್ನು ಮುಚ್ಚುವ ಮುನ್ನ, ಗುಡ್ಡದ ಹಿಂದಿನ ಕಣಿವೆಗಳಿಗೆ ಸಣ್ಣ ಎಫ್.ಎಂ. ಮರುಪ್ರಸಾರಕ ಎಲ್ಲೆಲ್ಲಿ ಇಡುತ್ತೀರಿ ಎಂದು ಕೇಳುವ ಹಕ್ಕು ನಮಗಿದೆ. ಅಲೆ ಸಾರ್ವಜನಿಕ ಆಸ್ತಿಯೆಂದು ನ್ಯಾಯಾಲಯವೇ ಹೇಳಿದೆಯಲ್ಲ!

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಈ ಭಾನುವಾರ ನಿಮ್ಮ ಮನೆಯಲ್ಲಿ, ತೋಟದಲ್ಲಿ, ಶಾಲೆಯ ಅಂಗಳದಲ್ಲಿ ರೇಡಿಯೋ ಹಚ್ಚಿ ಯಾವ ಕೇಂದ್ರ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎಂದು ಗುರುತು ಹಾಕಿಕೊಳ್ಳಿ. ಶಿಕ್ಷಕ ಮಿತ್ರರು ಇದನ್ನು ಎಂಟನೆಯ ತರಗತಿಯ ಮಕ್ಕಳಿಗೆ ಪ್ರಯೋಗವಾಗಿ ಕೊಡಬಹುದು. ಊರಿನ ನಕ್ಷೆ ಬರೆದು, ಕೇಳುವ ಮನೆಗೆ ಹಸಿರು ಚುಕ್ಕೆ, ಕೇಳದ ಮನೆಗೆ ಕೆಂಪು ಚುಕ್ಕೆ ಇಟ್ಟರೆ ಬಾನುಲಿಯ ನೆರಳು ಎಲ್ಲೆಲ್ಲಿದೆಯೆಂದು ಕಣ್ಣಿಗೇ ಕಾಣುತ್ತದೆ. ಆ ನಕ್ಷೆಯ ಒಂದು ಪ್ರತಿಯನ್ನು, ಮಳೆಗಾಲದಲ್ಲಿ ನಿಮಗೆ ಬೇಕಾದ ಒಂದು ಕಾರ್ಯಕ್ರಮದ ಹೆಸರಿನ ಜೊತೆ, ಕಾರವಾರ ಮತ್ತು ಧಾರವಾಡ ಕೇಂದ್ರಗಳ ನಿರ್ದೇಶಕರಿಗೆ ಅಂಚೆಯಲ್ಲಿ ಕಳಿಸಿ. ಮೇ ತಿಂಗಳೊಳಗೆ ಕಳಿಸಿದರೆ ಲೇಸು. ಜೂನ್ ಬಂದಮೇಲೆ ಅಂಚೆಯೂ ಘಟ್ಟದಲ್ಲಿ ಸಿಕ್ಕಿಕೊಳ್ಳುತ್ತದೆ.